ಕೊಠಡಿ ಹನ್ನೊಂದು

ಮೆಟ್ಟಿಲ ಕೆಳಗಿನ ಕೋಣೆ ನನ್ನದು.
ಮೊದಲು ಮುರಿದ ಮಂಚಗಳನ್ನಿಡುತ್ತಿದ್ದರಂತೆ.
ಬಾಗಿಲ ಮೇಲೆ ಬರೆದ ಕೆಂಪು ರಿಬ್ಬನ್ನಿನ ಒಂದು ಕಾಲು
ಚಿಲಕ ಉಜ್ಜಿ ಉಜ್ಜಿ ಮಾಸಿದೆ.
ಸಾಗರದ ಜನ ಇದರ ಮುಂದೆ ಬಂದಾಗ ಮಾತ್ರ
ನೆಲ ಕಾದಿರುವವರಂತೆ ದಾಟುತ್ತಾರೆ.

ಇವತ್ತು ಹೆಂಗಸರ ವಾರ್ಡಿನಿಂದ ಒಂದು ಚೀಟಿ:
ಪಿತ್ತಕೋಶದ ಕಲ್ಲು, ನಾಳೆ ಆಪರೇಷನ್,
ಎಚ್‌ಐವಿ ಮಾಡಿಸಿ.

ಮಾಡಿಸಿ.
ಸುಣ್ಣ ಹೊಡೆಸಿ, ಪಂಪು ರಿಪೇರಿ ಮಾಡಿಸಿ ಎಂಬ ಹಾಗೆ.
ಕಾಯ್ದೆಯ ಐದನೇ ಕಲಮನ್ನು ನಾನು
ಊಟದ ಡಬ್ಬಿಯ ಪಕ್ಕ ಅಂಟಿಸಿಕೊಂಡಿದ್ದೇನೆ.
ಅದರಲ್ಲಿ ಮೊದಲು ತಿಳಿಸಬೇಕು,
ಆಮೇಲೆ ಕೇಳಬೇಕು,
ಆಮೇಲೆ ಸುಮ್ಮನೆ ಕೂರಬೇಕು.
ಮೂರನೆಯದನ್ನು ಅಚ್ಚು ಹಾಕಿಲ್ಲ,
ಒಂಬತ್ತು ವರ್ಷದಲ್ಲಿ ನಾನೇ ಓದಿಕೊಂಡದ್ದು.

ಅವಳನ್ನು ಜಕ್ಕಮ್ಮ ಎನ್ನೋಣ. ಅವಳ ಹೆಸರಲ್ಲ.
ಹೊಸನಗರದ ಕಡೆಯವಳು ಎನ್ನೋಣ. ಅದೂ ಅಲ್ಲ.
ಜೊತೆಗೆ ಗಂಡ, ಜೇಬಿನಿಂದ ಪೆನ್ನು ಆಗಲೇ ತೆಗೆದಿದ್ದಾನೆ.
'ಎಲ್ಲಿ ಹಾಕ್ಬೇಕು ಸೈನು?'
'ನಿಮ್ಮದು ಬೇಡ. ಅವರದು.'
'ರೇಷನ್ ಕಾರ್ಡಿಗೂ ನಾನೇ ಹಾಕದು ಮೇಡಂ.'
'ಇದು ರೇಷನ್ನಲ್ಲ' ಎಂದೆ. 'ರಕ್ತ. ಅವರದ್ದು.
ಕ್ಯಾಂಟೀನಲ್ಲಿ ಈಗ ಬಿಸಿ ಬನ್ಸು ಸಿಗತ್ತೆ.'

ಅವನು ಹೋದ ಮೇಲೆ ಹೇಳಿದೆ,
ರೋಗ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ,
ಇದ್ದರೆ ಮಾತ್ರೆ ಉಂಟು, ದುಡ್ಡು ಕೊಡಬೇಕಿಲ್ಲ,
ಇದ್ದರೂ ಇಲ್ಲದಿದ್ದರೂ ನಾನು ಯಾರಿಗೂ ಹೇಳುತ್ತಾ ತಿರುಗುವುದಿಲ್ಲ.
ಅವಳು ಸೆರಗಿನ ತುದಿಯ ದಾರ ಎಳೆಯುತ್ತಾ
ಒಂದೇ ಒಂದು ಕೇಳಿದಳು:
'ಬ್ಯಾಡ ಅಂದ್ರೆ ಆಪರೇಷನ್ ನಿಲ್ಸ್ತೀರಾ?'
'ನಿಲ್ಲಿಸೋ ಹಾಗಿಲ್ಲ.'
'ಹಂಗಾದ್ರೆ ಬ್ಯಾಡ.'

ಬರೆದೆ, ಬೇಡ ಎಂದು, ದಿನಾಂಕ ಸಮೇತ.

ಫೋನಿನಲ್ಲಿ ಸರ್ಜನ್:
'ಒಬ್ಬ ಹೆಂಗಸಿನ ಹತ್ರ ಹೂಂ ಅನ್ಸಕ್ಕಾಗಲ್ವೇನ್ರೀ?'
'ಹೂಂ ಅನ್ಸೋಕೆ ನನ್ನ ಇಟ್ಟಿಲ್ಲ ಸರ್.
ಎಲ್ಲರಿಗೂ ಹಾಕೋ ಹಾಗೇ ಗ್ಲೌಸು ಹಾಕ್ಕೊಳ್ಳಿ.'
ಇಟ್ಟುಬಿಟ್ಟರು. ಕೈ ನಡುಗಿತು, ಸುಳ್ಳೇಕೆ.
ನಾನು ಗುತ್ತಿಗೆಯವಳು.
ಸಂಬಳ ಬಂದು ಎರಡು ತಿಂಗಳಾಯಿತು,
ಅದು ಈ ಪದ್ಯದ ವಿಷಯವಲ್ಲ.

ನಾಲ್ಕು ಗಂಟೆ. ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದೆ.
ಬಾಗಿಲಲ್ಲಿ ಡ್ರಿಪ್ಪಿನ ಬಾಟಲಿ, ದೀಪದ ಹಾಗೆ ಎತ್ತಿ ಹಿಡಿದದ್ದು.
ಅದರ ಕೆಳಗೆ ಅವಳು. ಒಬ್ಬಳೇ.
'ಈಗ ಇನ್ನೊಂದ್ಸಲ ಕೇಳಿ.'
'ಯಾರಾದ್ರೂ ಬೈದ್ರಾ? ಡಾಕ್ಟ್ರು ಬಂದಿದ್ರಾ?'
'ಇಲ್ಲ. ಯಾರೂ ಎಂತದೂ ಅನ್ಲಿಲ್ಲ.'
ಸ್ಟೂಲಿನ ಮೇಲೆ ಕೂತಳು. ಬಾಟಲಿಯನ್ನು ನಾನು
ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದೆ.
'ಮದ್ಯಾನ ಬ್ಯಾಡ ಅಂದ್ನಲ್ಲ,
ಎಂತ ಆಗ್ತದೆ ನೋಡನಾ ಅಂತ ಅಂದಿದ್ದು.
ಎಂತದೂ ಆಗ್ಲಿಲ್ಲ.
ಗಂಜಿ ಕೊಟ್ರು. ಸಿಸ್ಟರು ಹೆಸ್ರು ಹಿಡ್ದು ಕರೆದ್ರು.
ಹುಟ್ಟಿದ್ಮ್ಯಾಲೆ ಮೊದ್ಲ ಸಲ ಮೇಡಂ, ಬ್ಯಾಡ ಅಂದು
ಎಂತದೂ ಆಗ್ದೇ ಇದ್ದಿದ್ದು.'

ಮತ್ತೆ ಮೊದಲಿನಿಂದ ಹೇಳಿದೆ,
ಒಂದು ಮಾತೂ ಬಿಡದೆ.
ಅವಳು ಪೆನ್ನು ತೆಗೆದುಕೊಂಡು
ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಹೆಸರು ಬರೆದಳು.
ಒತ್ತಕ್ಷರಗಳನ್ನು ಕೊನೆಗೆ, ಒಂದೊಂದಾಗಿ,
ಮರೆತ ಓಲೆಗಳನ್ನು ಕಿವಿಗೆ ಸಿಕ್ಕಿಸಿದಂತೆ.

ಫಲಿತಾಂಶ ಬಂತು. ಅದನ್ನೂ ಅವಳನ್ನೇ ಕೂರಿಸಿಕೊಂಡು
ಬಾಗಿಲು ಹಾಕಿ ಹೇಳಿದೆ.
ಹೊರಗೆ ಗಂಡ: 'ಎಂತ ಬಂತು ಮೇಡಂ?'
'ಅವರನ್ನೇ ಕೇಳಿ.'
ಕೇಳುವುದು ಹೇಗೆಂದು ತಿಳಿಯದವನಂತೆ
ಬನ್ಸಿನ ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ,
ಆ ಕೈಯಿಂದ ಈ ಕೈಗೆ ಬದಲಿಸುತ್ತಾ ನಿಂತ.

ನೀವೂ ನನ್ನನ್ನು ಕೇಳಬೇಡಿ.

ಬೀಗ ಹಾಕುವಾಗ ನೋಡಿದೆ,
ಮೇಜಿನ ಮೇಲೆ ಪೆನ್ನಿಲ್ಲ.
ಸರ್ಕಾರದ್ದಲ್ಲ, ನನ್ನದೇ,
ಐದು ರೂಪಾಯಿಯದ್ದು.